ಸಿ.ಡಿ. ಡಬ್ಬಿಯೊಳಗಿನ ಚೀಟಿ

ಆಲಸನತ್ತಂ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಒಬ್ಬರು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸ ಮಾಡುತ್ತಿದ್ದರು. ಭಾನುವಾರ ಸ್ನಾನ ಮುಗಿಸಿ, ಕೈಯಲ್ಲಿ ಸಿ.ಡಿ. ಡಬ್ಬಿ ಹಿಡಿದು ಬಂದು ನಮ್ಮ ಬಾಗಿಲಲ್ಲೇ ನಿಲ್ಲುತ್ತಿದ್ದರು. ನಾನು ಮನೆಯ ಕಂಪ್ಯೂಟರಿನಲ್ಲಿ ಜನರಿಗೆ ಅರ್ಜಿ ಟೈಪ್ ಮಾಡಿಕೊಟ್ಟು ಸಂಸಾರ ನಡೆಸುತ್ತಿದ್ದೆ. ಅವರ ಸಿ.ಡಿ. ಹಾಕಿದರೆ ಅದು ಕೆಟ್ಟೀತೆಂಬ ಭಯ ನನಗಿತ್ತು.

"ನಿಮ್ದೊಂದೂ ಮುಟ್ಟಲ್ಲಣ್ಣ," ಅನ್ನುತ್ತಿದ್ದರು. "ಎಲ್ಲಾ ಈ ಸಿ.ಡಿ.ಯಿಂದ್ಲೇ ಓಡ್ತದೆ. ತೆಗೆದ್ರೆ ನಾನು ಬಂದಿದ್ದೇ ಅದುಕ್ಕೆ ಗೊತ್ತಿರಲ್ಲ."

ಹಾಗೆಯೇ ಆಗುತ್ತಿತ್ತು. ಸಿ.ಡಿ. ಹಾಕಿ ಶುರುಮಾಡಿದರೆ, ಹಿಂದೆ ಟಿ.ವಿ.ಗೆ ಸಿಕ್ಕಿಸಿ ಆಡುತ್ತಿದ್ದ ಹಳೆಯ ಆಟಗಳು ಬರುತ್ತಿದ್ದವು. ಅವರು ಆಡುತ್ತಿದ್ದದ್ದು ಪುಟ್ಟ ಗೊಂಬೆಯೊಂದು ಹಂತ ಹಂತವಾಗಿ ಸಾಗಿ ಕೋಟೆ ಗೆಲ್ಲುವ ಆಟ. ಕಂಪ್ಯೂಟರ್ ಆರಿಸಿದರೆ ಆಡಿದ್ದೆಲ್ಲ ಅಳಿಸಿಹೋಗುತ್ತಿತ್ತು. ಅದಕ್ಕೇ ಪ್ರತಿ ಹಂತ ಮುಗಿದಾಗ ತೆರೆಯ ಮೇಲೆ ಬರುವ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಮುಂದಿನ ವಾರ ಅದನ್ನು ಒತ್ತಿದರೆ ಆಟ ಅಲ್ಲಿಂದಲೇ ಮುಂದುವರಿಯುತ್ತಿತ್ತು.

ಒಮ್ಮೆ ಬರೆದುಕೊಳ್ಳುವ ಮೊದಲೇ ಕರೆಂಟ್ ಹೋಯಿತು. ನನ್ನ ಹೆಂಡತಿ ನಕ್ಕಳು. "ಇಷ್ಟೊತ್ತು ಲೇತ್ ಮುಂದೆ ನಿಂತಿದ್ರೆ ಓ.ಟಿ. ದುಡ್ಡಾದ್ರೂ ಸಿಕ್ತಿತ್ತು."

"ಓ.ಟಿ. ಯಾವಾಗ್ಲೂ ಸಿಕ್ತದಕ್ಕ, ಈ ಕೋಟೆ ಸಿಕ್ಕಲ್ಲ," ಎಂದವರು ಕರೆಂಟ್ ಬಂದ ಮೇಲೆ ಆ ಹಂತವನ್ನು ಮತ್ತೆ ಮೊದಲಿನಿಂದ ಆಡಲು ಕೂತರು.

ಕೊನೆಯ ಹಂತಕ್ಕೆ ಬಂದ ದಿನ, "ಬರೋ ಭಾನುವಾರ ಮುಗಿಸ್ಬುಡ್ತೀನಣ್ಣ," ಎಂದು ಹೇಳಿ ಹೋದರು. ಗುರುವಾರ ಬಾಗಲೂರು ರಸ್ತೆಯಲ್ಲಿ ಅವರ ಬೈಕಿಗೆ ಲಾರಿ ಗುದ್ದಿತು. ಆಸ್ಪತ್ರೆ ತಲುಪಲಿಲ್ಲ.

ಮನೆ ಖಾಲಿ ಮಾಡುವಾಗ ಅವರ ಹೆಂಡತಿ ಸಿ.ಡಿ. ಡಬ್ಬಿಯನ್ನು ನನಗೆ ಕೊಟ್ಟರು. ಒಳಗೆ ಕೊನೆಯ ಹಂತದ ಪಾಸ್‌ವರ್ಡ್ ಬರೆದ ಚೀಟಿ ಇತ್ತು. ಕೆಲವು ಭಾನುವಾರ ಸಿ.ಡಿ. ಹಾಕಿ, ಚೀಟಿಯಲ್ಲಿರುವ ಅಕ್ಷರಗಳನ್ನು ಒತ್ತುತ್ತೇನೆ. ಅವರ ಪುಟ್ಟ ಗೊಂಬೆ ಕೋಟೆ ಬಾಗಿಲ ಮುಂದೆ ಬಂದು ನಿಲ್ಲುತ್ತದೆ. ಸ್ವಲ್ಪ ಹೊತ್ತು ನೋಡಿ ಕಂಪ್ಯೂಟರ್ ಆರಿಸುತ್ತೇನೆ. ಅವರದನ್ನು ನಾನೂ ಮುಟ್ಟುವುದಿಲ್ಲ.