ಆರಾಮ ಅಂದವರ ಯಾದಿ

ದೇವಣಗಾಂವದ ಸೀತವ್ವ ಕಟ್ಟೆಯ ಮೇಲೆ ನಿಂತು ಒಮ್ಮೆ ಕೂಗಿದರೆ ಸಿಂದಗಿ ಸ್ಟ್ಯಾಂಡಿನಲ್ಲಿ ಹೊರಟ ಬಸ್ಸು ನಿಂತುಬಿಡುತ್ತಿತ್ತು ಎಂಬುದು ಊರಿನ ಮಾತು. ಅದರಲ್ಲಿ ಅರ್ಧ ಸುಳ್ಳು. ಬಸ್ಸು ನಿಲ್ಲುತ್ತಿರಲಿಲ್ಲ, ನಿಧಾನವಾಗುತ್ತಿತ್ತು. ಅಂಥ ಬಾಯಿ ಕಂಡೇ ದೂರದ ವಿಶ್ವವಿದ್ಯಾಲಯದವರು, ಹೆಂಗಸರ ಮೈಯಲ್ಲಿ ರಕ್ತ ಯಾಕೆ ಕಡಿಮೆಯೆಂದು ಊರವರ ಜೊತೆಗೂಡಿ ಅಧ್ಯಯನ ಮಾಡಲು ಬಂದಾಗ, ಅವಳನ್ನು 'ಸಹಭಾಗಿ' ಮಾಡಿಕೊಂಡರು. ಕೊರಳಿಗೆ ಕಾರ್ಡು, ಕೈಗೆ ಫಾರ್ಮಿನ ಕಟ್ಟು. ಎರಡು ವರ್ಷದಲ್ಲಿ ಅವಳು ಸವೆಸಿದ ಚಪ್ಪಲಿ ಒಟ್ಟಿದರೆ ಭೀಮಾ ನದಿಗೆ ಇನ್ನೊಂದು ಬ್ಯಾರೇಜು ಕಟ್ಟಬಹುದಿತ್ತು.

ಫಾರ್ಮಿನ ಮೊದಲ ಪ್ರಶ್ನೆ: 'ಆರಾಮ ಇದ್ದೀರಾ?' ಇಲ್ಲ ಎಂದವರ ಹೆಸರು ರಕ್ತ ಪರೀಕ್ಷೆಯ ಯಾದಿಗೆ ಹೋಗುತ್ತಿತ್ತು. ಹೌದು ಎಂದವರಿಗೆ ಒಂದು ಟಿಕ್ಕು, ಮುಗಿಯಿತು.

ಮೊದಲ ಸಭೆಯಲ್ಲೇ ಸೀತವ್ವ ಎದ್ದು ನಿಂತಿದ್ದಳು. "ಸರ, ನಮ್ಮ ಕಡೆ ಇದು ಪ್ರಶ್ನಿ ಅಲ್ರಿ, ನಮಸ್ಕಾರ. ಚಟ್ಟದ ಮ್ಯಾಲಿನ ಹೆಣಕ್ಕ ಕೇಳಿದ್ರೂ 'ಆರಾಮ ಅದೀನ್ರಿ, ನೀವು?' ಅಂದು ಮತ್ತ ಕಣ್ಣ ಮುಚ್ತೈತಿ."

ಸಭೆ ಬಿದ್ದು ಬಿದ್ದು ನಕ್ಕಿತು. ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿ, ಸಮುದಾಯದ ಅಮೂಲ್ಯ ಸಲಹೆ ಎಂದು ಬರೆಸಿಕೊಂಡರು. ಪ್ರಶ್ನೆ ಮಾತ್ರ ಅಲ್ಲಾಡಲಿಲ್ಲ. ಮೇಲೊಂದು ಕಟ್ಟಪ್ಪಣೆಯೂ ಆಯಿತು: ಅವರು ಹೇಳಿದ್ದನ್ನಷ್ಟೇ ಬರೆಯಬೇಕು, ನಿಮ್ಮ ಕಣ್ಣಿಗೆ ಕಂಡದ್ದನ್ನಲ್ಲ.

ಮಗಳು ಯಶೋಧಾ ಏಳು ತಿಂಗಳ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಸ್ವಂತ ಮನೆಯೆಂದು ಬಿಟ್ಟರೆ ಕೆಲಸಕ್ಕೆ ದ್ರೋಹವೆಂದು ಸೀತವ್ವ ಕಾರ್ಡು ಹಾಕಿಕೊಂಡು ಹೊರಗೆ ಹೋಗಿ, ತನ್ನದೇ ಬಾಗಿಲು ತಟ್ಟಿ, ಒಳಗೆ ಬಂದು ಕೇಳಿದಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಯಶೋಧಾಳ ತುಟಿ ಬಿಳಿಚಿತ್ತು. ಎರಡು ರೊಟ್ಟಿಗೊಮ್ಮೆ ಏದುಸಿರು ಬಿಡುತ್ತ ಕೂರುತ್ತಿದ್ದಳು. ತಾಯಿಯ ವೇಷ ನೋಡಿ ನಕ್ಕಳು.

"ಆರಾಮ ಅದೀನ್ರಿ ಮೇಡಂ. ನೀವ್ರಿ?"

ಸೀತವ್ವನೂ ನಕ್ಕು ಟಿಕ್ಕು ಹಾಕಿದಳು.

ಇಪ್ಪತ್ತು ದಿನಕ್ಕೆ, ಸಿಂದಗಿ ಮುಟ್ಟುವ ಮೊದಲೇ, ಯಶೋಧಾ ಆಂಬುಲೆನ್ಸಿನಲ್ಲಿ ತೀರಿಕೊಂಡಳು. ಹೊಟ್ಟೆಯೊಳಗಿನ ಕೂಸೂ ಉಳಿಯಲಿಲ್ಲ. ಮೈಯಲ್ಲಿ ರಕ್ತವೇ ಇರಲಿಲ್ಲವೆಂದರು ಡಾಕ್ಟರು.

ಈ ವರ್ಷ, ಊರಿನ ಮತ್ತು ವಿಶ್ವವಿದ್ಯಾಲಯದ ಜೊತೆಗಾರಿಕೆ ಹೇಗಿತ್ತೆಂದು ಅಳೆಯಲು ಪಕ್ಕದ ಇಂಡಿ ತಾಲೂಕಿನ ಹುಡುಗಿ ಗುಲನಾಜ ಬಂದಳು. ಒಂದರಿಂದ ಐದರವರೆಗೆ ಅಂಕ ಕೊಡಬೇಕಂತೆ. ಸೀತವ್ವ ಹಾಳೆ ಪಕ್ಕಕ್ಕಿಟ್ಟಳು. ಬಸ್ಸು ತಡೆಯುತ್ತಿದ್ದ ದನಿ ಈಗ ಮಗ್ಗುಲಲ್ಲಿ ಕೂತವರಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ: ಮಗಳ ಹೆಸರಿನ ಮುಂದಿನ ಟಿಕ್ಕು ಹೊಡೆದುಹಾಕಬೇಕು. ಅದು ತನ್ನ ಕೈಯಿಂದಾದ ಸುಳ್ಳು.

ಗುಲನಾಜ ಲ್ಯಾಪ್‌ಟಾಪಿನಲ್ಲಿ ಬಹಳ ಹೊತ್ತು ಹುಡುಕಿದಳು. ಟಿಕ್ಕು ಇರಲೇ ಇಲ್ಲ. ಸೀತವ್ವ ಸೂತಕದಲ್ಲಿದ್ದಾಗ ಅವಳ ಬದಲಿಗೆ ಎರಡನೆಯ ಭೇಟಿಗೆ ಬಂದವರು, ಸಿಗದವರ ಹೆಸರನ್ನೆಲ್ಲ ತೆಗೆದು ಬೇರೆ ಯಾದಿಗೆ ಹಾಕಿದ್ದರು. ಯಶೋಧಾ ಅಲ್ಲಿದ್ದಳು.

"ಕಾರಣ ಏನ್ ಬರದಾರವಾ?"

ಗುಲನಾಜ ತಲೆ ಎತ್ತಲಿಲ್ಲ. "'ಮನೆಯಲ್ಲಿ ಇರಲಿಲ್ಲ' ಅಂತ ಐತ್ರಿ, ಅಮ್ಮಾ."

ಸೀತವ್ವ ಒಲೆಯ ಕಡೆ ನೋಡಿದಳು.

"ಅದನ್ನ ಹೊಡದ ಹಾಕಬ್ಯಾಡ," ಎಂದಳು. "ಅದೊಂದು ಖರೇ ಐತಿ."

ಅಂಕದ ಹಾಳೆ ಖಾಲಿಯೇ ಉಳಿಯಿತು. ಬಾಗಿಲ ತನಕ ಬಂದ ಸೀತವ್ವನಿಗೆ ಗುಲನಾಜ ರೂಢಿಯಂತೆ "ಆರಾಮ ಇರ್ರಿ" ಎಂದು ನಾಲಿಗೆ ಕಚ್ಚಿಕೊಂಡಳು. ದೇವಣಗಾಂವ ಹುಟ್ಟಿದಂದಿನಿಂದ ಆ ಮಾತಿಗೆ ಮರುಮಾತಾಡದೆ ನಿಂತವಳು ಸೀತವ್ವ ಒಬ್ಬಳೇ.