ಬಂದರು, ಇನ್ನೇನು ಬಂದೇ ಬಿಟ್ಟರು

ಉಪ್ಪಿಟ್ಟನ್ನು ಈ ಜಗತ್ತಿನಲ್ಲಿ ಯಾರೂ ಬಯಸಿ ತಿನ್ನುವುದಿಲ್ಲ ಎಂಬ ನಂಬಿಕೆಯೊಳಗೇ ಮೈಸೂರಿನಲ್ಲಿ ಬೆಳೆದವಳು ನಾನು. ನೆಂಟರು ಹೇಳದೆ ಬಂದಾಗ, ಅಮ್ಮನಿಗೆ ಮೈ ಸರಿಯಿಲ್ಲದಾಗ, ಬೇರೇನೂ ತೋಚದಾಗ ತಾನಾಗಿ ಆಗಿಬಿಡುವ ತಿಂಡಿ ಅದು. ಆ ನಂಬಿಕೆಯನ್ನು ಮುರಿದವರು ಮಿಶಿಗನ್ನಿನ ಐದಾರು ಜನ ಅಗ್ನಿಶಾಮಕರು. ಮಂಗಳವಾರದ ಬೆಳಿಗ್ಗೆ ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಉಪ್ಪಿಟ್ಟು ಒಯ್ದರೆ, ಅವರು ಅದರ ಮೇಲೆ ಕೆಂಪು ಖಾರದ ಸಾಸ್ ಸುರಿದು, ತಮ್ಮ ಅಜ್ಜಿಯರು ಮಾಡುತ್ತಿದ್ದ ಜೋಳದ ರವೆಯ ಗಂಜಿಯನ್ನು ನೆನೆದು, ‘ಹಳದಿ ಗ್ರಿಟ್ಸ್’ ಎಂದು ಅದಕ್ಕೆ ಮರುನಾಮಕರಣವನ್ನೂ ಮಾಡಿ, ಡಬ್ಬಿಯ ತಳ ಕೆರೆಯುವ ಸದ್ದು ಕೆಳಗಿನ ನನ್ನ ಕೋಣೆಗೂ ಕೇಳಿಸುವಂತೆ ತಿನ್ನುತ್ತಿದ್ದರು.

ಕೆಳಗಿನ ನನ್ನ ಕೋಣೆ ಎಂದೆನಲ್ಲ, ಅದು ಅಗ್ನಿಶಾಮಕ ಠಾಣೆಯ ನೆಲಮಾಳಿಗೆ. ಪ್ಲಿಮತ್‌ಗೆ ಹತ್ತಿರದ ಒಂದು ಪುಟ್ಟ ಊರು ನಮ್ಮದು. ನನ್ನ ಗಂಡನಿಗೆ ಅಲ್ಲಿನ ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಕೆಲಸ. ಕನ್ನಡ ಎಂ.ಎ. ಮಾಡಿ ಬಂದ ನನಗೆ ಇಲ್ಲೇನು ಕೆಲಸ ಎಂದು ಮನೆಯಲ್ಲಿ ಕೂತಿದ್ದವಳು, ಲೈಬ್ರರಿಯ ಗೋಡೆಯ ಮೇಲೆ ಕಂಡ, ಠಾಣೆಗೆ ಜನ ಬೇಕೆಂಬ ಒಂದು ಚೀಟಿ ನೋಡಿ ಅಪ್ಲೈ ಮಾಡಿದೆ. ತರಬೇತಿ ಕೊಟ್ಟರು, ತಲೆಗೊಂದು ಹೆಡ್‌ಸೆಟ್ ಕೊಟ್ಟರು. ಊರಿನ ಯಾರೇ ತುರ್ತು ಸಹಾಯಕ್ಕೆಂದು 911 ಒತ್ತಲಿ, ಮೊದಲು ಕೇಳುವ ದನಿ ನನ್ನದು. ಒಂದು ಕಿವಿಯಲ್ಲಿ ಸಂಕಟದಲ್ಲಿರುವ ಮನೆ, ಇನ್ನೊಂದರಲ್ಲಿ ಆ ಮನೆಯತ್ತ ಓಡುತ್ತಿರುವ ಆಂಬುಲೆನ್ಸ್. ನಡುವೆ ಕಿಟಕಿಯಿಲ್ಲದ ಕೋಣೆಯಲ್ಲಿ ನಾನು. ಕರೆ ಎನ್ನುವ ಮಾತಿಗೆ ನಮ್ಮಲ್ಲಿ ಎರಡು ಅರ್ಥ, ನಿಮಗೂ ಗೊತ್ತಿದೆ. ಕರೆಯುವುದೂ ಕರೆಯೇ, ಬಾಳೆಕಾಯಿ ಹೆಚ್ಚಿದ ಕೈಗೆ ಹತ್ತಿ ಸೋಪಿಗೂ ಬಿಡದ ಕಪ್ಪೂ ಕರೆಯೇ. ಈ ಎರಡೂ ಒಂದೇ ಪದವೇಕೆ ಎಂದು ಎಂ.ಎ. ತರಗತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಠಾಣೆಯಲ್ಲಿ ನನಗೆ ಹತ್ತಿರದವರು ಇಬ್ಬರು. ಒಬ್ಬ ಡೆನಿಸ್, ತಂಡದ ಲೆಫ್ಟಿನೆಂಟ್, ಐವತ್ತು ದಾಟಿದವನು, ಎಡ ಮೊಣಕಾಲಿನ ನೋವಿನಿಂದ ಹಿಮ ಬೀಳುವುದನ್ನು ಒಂದು ದಿನ ಮುಂಚೆಯೇ ಹೇಳಬಲ್ಲವನು. ಇನ್ನೊಬ್ಬಳು ಮಾರ್ಲಾ, ಆಂಬುಲೆನ್ಸಿನ ಪ್ಯಾರಾಮೆಡಿಕ್, ಕಡಿಮೆ ಮಾತಿನ ಹೆಂಗಸು. ಬೆಂಕಿ, ಸಾವು, ಶೌರ್ಯ ಇವೆಲ್ಲ ಅವರ ಮಾತಿನಲ್ಲಿ ಬರುತ್ತಲೇ ಇರಲಿಲ್ಲ. ಕಾಫಿ ಪಾತ್ರೆ ತೊಳೆಯದೆ ಇಟ್ಟವರಾರು, ಕ್ರಿಸ್‌ಮಸ್ ದಿನ ಡ್ಯೂಟಿ ಯಾರ ಪಾಲಿಗೆ, ಮಾರ್ಲಾಳ ತಾಯಿಗೆ ಮರೆವು ಎಷ್ಟು ಹೆಚ್ಚಿದೆ, ಇಷ್ಟೇ. ಕೆಟ್ಟ ಕರೆಯೊಂದು ಮುಗಿದ ಮೇಲೆ ಡೆನಿಸ್ ಎರಡು ಮಗ್ಗು ಕಾಫಿ ಹಿಡಿದು, ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬಂದು, ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು ತನ್ನ ಹಳೆಯ ಟ್ರಕ್ಕಿನ ಸೈಲೆನ್ಸರ್ ವಿಷಯ ಮಾತಾಡುತ್ತಿದ್ದ. ನನಗೆ ಟ್ರಕ್ಕಿನ ಬಗ್ಗೆ ಏನೂ ತಿಳಿಯದು. ಅದು ಅವನಿಗೂ ಗೊತ್ತಿತ್ತು. ಅಳಬೇಡ ಎಂದು ಯಾರೂ ಯಾರಿಗೂ ಹೇಳದೆ ಹೇಳುವ ರೀತಿ ಅದಾಗಿತ್ತು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಜನವರಿಯ ಒಂದು ಬೆಳಿಗ್ಗೆ, ಹತ್ತು ಗಂಟೆಯ ಸುಮಾರು. ಹೊರಗೆ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗಿನ ಚಳಿ. ಫೋನಿನಲ್ಲಿ ವಯಸ್ಸಾದ ಗಂಡಸಿನ ದನಿ, ತೊದಲುವ ಇಂಗ್ಲಿಷು: ಹೆಂಡತಿ ಅಡುಗೆಮನೆಯಲ್ಲಿ ಬಿದ್ದಿದ್ದಾಳೆ, ಮಾತಾಡುತ್ತಿಲ್ಲ. ವಿಳಾಸ ಕೇಳಿ ಮೇಲಕ್ಕೆ ಸುದ್ದಿ ಕೊಟ್ಟೆ. ತಲೆಯ ಮೇಲೆ ಬೂಟುಗಳ ಓಟ, ಬಾಗಿಲೇಳುವ ಸದ್ದು, ಸೈರನ್. ಅಷ್ಟರಲ್ಲಿ ಆತ ಫೋನನ್ನು ಬಾಯಿಂದ ದೂರ ಹಿಡಿದು ಕೂಗಿದ್ದು ಕೇಳಿಸಿತು.

“ಶಾರದಾ, ಏ ಶಾರದಾ, ಕಣ್ಣ ತೆಗಿ!”

ನಿಯಮದ ಪ್ರಕಾರ ಬೇರೆ ಭಾಷೆ ಬಂದರೆ ದುಭಾಷಿಯನ್ನು ಕರೆಯಬೇಕು. ನಾನು ಕರೆಯಲಿಲ್ಲ.

“ಸರ್, ನಾನೂ ಕನ್ನಡದವಳೇ. ಫೋನ್ ಸ್ಪೀಕರ್‌ಗೆ ಹಾಕಿ ಕೆಳಗಿಡಿ. ಅವರನ್ನ ಅಂಗಾತ ಮಲಗಿಸಿ.”

ಆ ಕಡೆ ಫೋನು ನೆಲಕ್ಕಿಟ್ಟ ಸದ್ದು. ಆಮೇಲೆ, “ಕನ್ನಡದವ್ರೇನವ್ವಾ? ದೇವ್ರs ಕಳಿಸಿದಂಗ ಆತು.”

ಉಸಿರಿದೆಯೇ ನೋಡಿ ಎಂದೆ, ತಿಳಿಯುವುದಿಲ್ಲ ಎಂದರು. ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತಲು ಹೇಳಿದೆ. ನನ್ನ ಜೊತೆ ಎಣಿಸಿ ಎಂದೆ. ಒಂದು, ಎರಡು, ಮೂರು, ನಾಲ್ಕು. ಒಂದನೆಯ ತರಗತಿಯ ಮಕ್ಕಳಂತೆ ನಾವಿಬ್ಬರೂ ಗಟ್ಟಿಯಾಗಿ ಎಣಿಸಿದೆವು. ಅವರ ಮನೆಗೆ ನಮ್ಮ ಠಾಣೆಯಿಂದ ನಾಲ್ಕು ನಿಮಿಷದ ದಾರಿ.

ನಮ್ಮ ಊರನ್ನು ರೈಲುಹಳಿ ಎರಡಾಗಿ ಸೀಳಿದೆ. ಠಾಣೆ ಒಂದು ಕಡೆ, ಹೊಸ ಮನೆಗಳ ಬಡಾವಣೆಗಳೆಲ್ಲ ಇನ್ನೊಂದು ಕಡೆ. ಇನ್ನೊಂದು ಕಿವಿಯಲ್ಲಿ, ಆಂಬುಲೆನ್ಸಿನಿಂದ ಡೆನಿಸ್, “ಗೂಡ್ಸ್ ರೈಲು ಅಡ್ಡ ಬಂದಿದೆ. ಬಾಲ ಕಾಣ್ತಾ ಇದೆ, ಕಾಯ್ತೀವಿ,” ಎಂದ. ಸ್ವಲ್ಪ ಹೊತ್ತಾದ ಮೇಲೆ ಅವನ ದನಿ ಬೇರೆಯಾಗಿತ್ತು. “ನಿಂತುಬಿಟ್ಟಿದೆ. ತಿರುಗಿಸಿ ಸೇತುವೆ ಕಡೆಯಿಂದ ಬರ್ತೀವಿ.” ಸೇತುವೆ ಎಂದರೆ ಮೂರು ಮೈಲಿ ಸುತ್ತು, ಹಿಮದ ರಸ್ತೆ.

“ಅವ್ರು ಎಲ್ಲೀತನಕ ಬಂದಾರವ್ವಾ?” ಎಂದರು ಈ ಕಿವಿಯಲ್ಲಿ.

“ಬಂದ್ರು ಸರ್, ಇನ್ನೇನು ಬಂದೇ ಬಿಟ್ರು. ಮೂಲೇಲಿದಾರೆ. ಒತ್ತೋದು ನಿಲ್ಲಿಸ್ಬೇಡಿ.”

ಮೈಸೂರಿನಲ್ಲಿ ಬಸ್ಸಿಗೆ ಕಾಯುವ ಮಗುವಿಗೂ, ಹಸಿದು ಕೂತ ಪಂಕ್ತಿಗೂ ಹೇಳುವ ಮಾತು ಅದು. ಕನ್ನಡ ಬಾಯಿಗೆ ಬಂದ ಕೂಡಲೇ ಅದೂ ತಾನಾಗಿ ಬಂದುಬಿಟ್ಟಿತು. ಅವರು ಮತ್ತೆ ಮತ್ತೆ ಕೇಳಿದರು, ನಾನು ಮತ್ತೆ ಮತ್ತೆ ಹೇಳಿದೆ. ನಾಲ್ಕು ನಿಮಿಷದ ದಾರಿ ಹದಿನಾಲ್ಕು ನಿಮಿಷವಾಯಿತು. ಕೊನೆಗೆ ಬಾಗಿಲು ತೆರೆದ ಸದ್ದು, ಮಾರ್ಲಾಳ ದನಿ, ಯಾರೋ ಫೋನ್ ಎತ್ತಿಟ್ಟರು. ಶಾರದಮ್ಮ ಉಳಿಯಲಿಲ್ಲ.

ಮಧ್ಯಾಹ್ನ ಡೆನಿಸ್ ಕಾಫಿ ಇಲ್ಲದೆ ಕೆಳಗೆ ಬಂದ. ಮಾರ್ಲಾ ಮೆಟ್ಟಿಲ ಮೇಲೆಯೇ ಕೂತಳು. ಆ ದಿನ ಟ್ರಕ್ಕಿನ ಮಾತು ಬರಲಿಲ್ಲ. “ಮೊದಲೇ ತಿರುಗಿಸಬೇಕಿತ್ತು,” ಎಂದ ಅವನು. “ಇಪ್ಪತ್ತು ವರ್ಷದಿಂದ ಆ ಹಳಿ ನೋಡ್ತಾ ಇದೀನಿ. ಬಾಲ ಕಂಡಿತು ಅಂತ ನಂಬಿದೆ.” ಮಾರ್ಲಾ, “ಬೇಗ ಹೋಗಿದ್ರೂ ಉಳೀತಿರಲಿಲ್ಲ,” ಎಂದಳು. “ಅದು ನಿನಗೆ ಗೊತ್ತಾ?” ಎಂದ. ಅವಳು ಎದ್ದು ಮೆಟ್ಟಿಲು ಹತ್ತಿದಳು.

ನಮ್ಮ ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ. ಈ ಕರೆಯ ಬಹುಪಾಲು ಯಾರಿಗೂ ಅರ್ಥವಾಗದ್ದರಿಂದ, ಅದನ್ನು ಇಂಗ್ಲಿಷಿಗೆ ಅನುವಾದಿಸಿ ಫೈಲಿಗೆ ಹಾಕುವ ಕೆಲಸ ನನಗೇ ಬಂತು. ನನ್ನ ದನಿಯನ್ನು ನಾನೇ ಕಿವಿಗೆ ಹಾಕಿಕೊಂಡು, ನಿಲ್ಲಿಸಿ, ಹಿಂದೆ ಹಾಕಿ, ಬರೆದೆ. ‘ಬಂದೇ ಬಿಟ್ರು’ ಎಂಬುದನ್ನು ಹೇಗೆ ಅನುವಾದಿಸುತ್ತೀರಿ? ‘ಬರುತ್ತಿದ್ದಾರೆ’ ಎಂದು ಬರೆದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ನಾನು ‘ತಲುಪಿಯಾಯಿತು’ ಎಂದು ಬರೆದೆ, ಏಳು ಸಲ. ಮೇಲ್ವಿಚಾರಕಿ ಓದಿ ಕನ್ನಡಕ ತೆಗೆದು, “ನಿನ್ನ ಜಾಗದಲ್ಲಿ ಯಾರಿದ್ದರೂ ಹೀಗೇ ಹೇಳುತ್ತಿದ್ದರು,” ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಯುಗಾದಿಗೆ ಕನ್ನಡದವರೆಲ್ಲ ಸೇರಿ ಶಾಲೆಯೊಂದರ ಕೆಫೆಟೀರಿಯಾವನ್ನು ಬಾಡಿಗೆಗೆ ಹಿಡಿದು ಊಟ ಮಾಡುವುದು ವಾಡಿಕೆ. ಆ ವರ್ಷ ನಾನು ಹುಳಿ ಬಡಿಸುತ್ತಿದ್ದೆ. ಸಾಲಿನಲ್ಲಿ ಬೂದುಬಣ್ಣದ ಸ್ವೆಟರಿನ ಹಿರಿಯರೊಬ್ಬರು, ಒಬ್ಬರೇ, ತಟ್ಟೆ ಹಿಡಿದು ನಿಂತಿದ್ದರು. ಪಾಯಸದ ಪಾತ್ರೆ ಖಾಲಿಯಾಗಿರುವುದನ್ನು ನೋಡುತ್ತಿದ್ದರು. ನಾನು ನಗುತ್ತ, “ಪಾಯಸ ಇನ್ನೇನು ಬಂದೇ ಬಿಡ್ತು ಸರ್,” ಎಂದೆ.

ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟರು. ಬಹಳ ಮೆಲ್ಲಗೆ, ಏನೂ ಚೆಲ್ಲದಂತೆ ಇಟ್ಟರು.

“ಅವತ್ತ ಫೋನಿನ್ಯಾಗ ಮಾತಾಡಿದವ್ರು ನೀವs ಹೌದಲ್ರೀ?”

ಸೌಟನ್ನು ಪಕ್ಕದವರ ಕೈಗೆ ಕೊಟ್ಟು ಅವರ ಹಿಂದೆ ಹೋದೆ. ಮಕ್ಕಳ ಲಾಕರುಗಳ ಸಾಲಿನ ಉದ್ದನೆಯ ಕಾರಿಡಾರು, ಪುಟ್ಟ ಬೆಂಚು. ಹೆಸರು ಈರಣ್ಣ ಎಂದರು, ಗದಗಿನ ಕಡೆಯವರು, ಎರಕದ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಧನ್ಯವಾದ ಹೇಳುತ್ತಾರೇನೋ ಎಂದು ನನ್ನ ಮನಸ್ಸಿನ ಯಾವುದೋ ನಾಚಿಕೆಗೆಟ್ಟ ಮೂಲೆ ಕಾಯುತ್ತಿತ್ತು. ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ.

“ಬೈಯಾಕ ಕರದಿಲ್ಲ ತಂಗೀ,” ಎಂದರು. “ನೀವು ಒತ್ರಿ ಅಂದ್ರಿ, ಒತ್ತಿದೆ. ಎಲುಬು ಮುರದದ್ದು ಕೈಗೆ ಗೊತ್ತಾತು, ಆದ್ರೂ ಒತ್ತಿದೆ. ಅದಕ್ಕ ನನಗೇನೂ ಸಿಟ್ಟಿಲ್ಲ. ಆದ್ರ ನೀವು ಬಂದ್ರು, ಬಂದ್ರು ಅಂದ್ರಲ್ಲಾ, ಅಷ್ಟೂ ಹೊತ್ತು ನಾ ಬಾಗಿಲಾ ನೋಡಿಕೋತ ಒತ್ತಿದೆ. ಅಕೀ ಮಾರಿ ನೋಡಲಿಲ್ಲ. ನಡುವ ಒಮ್ಮೆ ಕಣ್ಣ ತೆಗದಿದ್ಲೋ ಏನೋ, ಯಾರಿಗೆ ಗೊತ್ತು? ನಲವತ್ತೊಂದು ವರ್ಷ ಕೂಡಿ ಇದ್ವಿ. ಕಡೀಕ ನಾ ಬಾಗಿಲಾ ನೋಡಿದೆ.”

ಹಾಲ್‌ನಿಂದ ಮಕ್ಕಳ ಹಾಡು ಕೇಳುತ್ತಿತ್ತು.

“ನಿಮ್ಮ ಠಾಣೆಯ ದೊಡ್ಡ ಸಾಹೇಬ್ರು ಆಮ್ಯಾಲೆ ಸಮಾಧಾನ ಹೇಳಾಕ ಮನೀಗೆ ಬಂದಾಗ ಹೇಳಿದ್ರು, ರೈಲು ನಿಂತಿತ್ತು ಅಂತ. ಅದನ್ನs ನೀವು ಹೇಳಿದ್ರ ಏನಾಗ್ತಿತ್ರೀ?”

“ತಪ್ಪಾಯ್ತು ಅಂಕಲ್,” ಎಂದೆ.

“ತಪ್ಪಂತಲ್ಲವ್ವಾ. ನಿಮ್ಮ ದನಿ ಬಾಳ ಚಲೋ ಇತ್ತು. ಇಂಗ್ಲಿಷ್‌ನ್ಯಾಗ ಹೇಳಿದ್ರ ನಂಬ್ತಿದ್ದಿಲ್ಲೋ ಏನೋ.” ಎದ್ದರು. ಕೈ ಮುಗಿದರು. ಊಟಕ್ಕೆ ಮರಳದೆ ಕಾರಿನ ಕಡೆ ಹೋದರು.

ಆ ದಿನದಿಂದ ಭಾಷೆಯ ಬಗ್ಗೆ ನನಗಿದ್ದ ಗುಮಾನಿಯಿಲ್ಲದ ಪ್ರೀತಿ ಹೊರಟುಹೋಯಿತು. ತಾಯ್ನುಡಿ ಎಂದರೆ ತಾಯಿಯ ಮಡಿಲು ಎಂದು ಎಷ್ಟು ಸಲ ಬರೆದಿದ್ದೆ, ಭಾಷಣ ಮಾಡಿದ್ದೆ! ಮಡಿಲಲ್ಲಿ ತಲೆಯಿಟ್ಟವನು ಕಣ್ಣು ಮುಚ್ಚಿಬಿಡುತ್ತಾನೆ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಪರಭಾಷೆಯ ಒರಟು ಮಾತಿಗೆ ಈರಣ್ಣ ಒಂದಿಷ್ಟು ಸಂಶಯಪಟ್ಟು, ಒಂದಿಷ್ಟು ಸಿಟ್ಟಾಗಿ, ಹೆಂಡತಿಯ ಕಡೆ ತಿರುಗುತ್ತಿದ್ದರೇನೋ. ನನ್ನ ಕನ್ನಡ ಅವರನ್ನು ಬಾಗಿಲಿಗೆ ಕಟ್ಟಿಹಾಕಿತು.

ಡೆನಿಸ್ ಆಗಾಗ ಕೇಳುತ್ತಿದ್ದ: “ಆ ಮನುಷ್ಯ ನಿಮ್ಮ ಜನ ಅಲ್ವಾ, ಎಲ್ಲಾದರೂ ಸಿಕ್ಕರಾ?” ಯುಗಾದಿಯ ನಂತರ ಕೇಳಿದಾಗ, ಸಿಕ್ಕಿದ್ದರು, ಯಾರ ಮೇಲೂ ಸಿಟ್ಟಿಲ್ಲ ಎಂದರು, ಎಂದೆ. ಅದು ನಿಜವೇ ಆಗಿತ್ತು. ನಿಜದ ಬಾಲ ಮಾತ್ರ. ಡೆನಿಸ್ ಮಗ್ಗಿನೊಳಗೆ ನೋಡುತ್ತ ತಲೆಯಾಡಿಸಿದ. ಅವನು ನಂಬಲಿಲ್ಲವೆಂದು ನನಗೆ ತಿಳಿಯಿತು, ನನಗೆ ತಿಳಿಯಿತೆಂದು ಅವನಿಗೆ. ಆ ವರ್ಷವೇ ಮೊಣಕಾಲಿನ ನೆಪ ಹೇಳಿ ಆಂಬುಲೆನ್ಸ್ ಬಿಟ್ಟು, ಅಂಗಡಿಗಳ ಬೆಂಕಿ ಆರಿಸುವ ಸಿಲಿಂಡರು ಪರೀಕ್ಷಿಸುವ ಕೆಲಸಕ್ಕೆ ಸೇರಿಕೊಂಡ. ಹೋಗುವ ದಿನ ಎಲ್ಲರ ಕೈ ಕುಲುಕಿದ, ನೆಲಮಾಳಿಗೆಗೆ ಇಳಿಯಲಿಲ್ಲ. ಮಾರ್ಲಾ ತಾಯಿಯನ್ನು ಕರೆದುಕೊಂಡು ಸ್ಕೋಕಿ ಎಂಬ ದೂರದ ಊರಿನ ತಂಗಿಯ ಮನೆಗೆ ಹೊರಟುಹೋದಳು. ಮೊದಮೊದಲು ಕಾರ್ಡು ಬರುತ್ತಿತ್ತು. ಹೊಸಬರೂ ಒಳ್ಳೆಯವರೇ. ಆದರೆ ನನ್ನ ಪಕ್ಕದ ಕುರ್ಚಿಯಲ್ಲಿ ಈಗ ಪ್ರಿಂಟರಿನ ಕಾಗದದ ಕಟ್ಟುಗಳಿವೆ.

ನಾನು ಕೆಲಸ ಬಿಡಲಿಲ್ಲ. ಇನ್ನು ಮೇಲೆ ನಿಜವನ್ನೇ ಹೇಳುವುದು ಎಂದು ನಿಶ್ಚಯಿಸಿದೆ, ಅಷ್ಟೇ. ಅದರಿಂದ ಏನೋ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಮರುವರ್ಷದ ಏಪ್ರಿಲ್, ನಡುಹಗಲು. ಹೆಣ್ಣುಮಗಳೊಬ್ಬಳ ಕರೆ, ಇಂಗ್ಲಿಷಿನವಳು. ಅಪ್ಪ ಸೋಫಾದಲ್ಲಿ ಒರಗಿದ್ದಾನೆ, ಎಚ್ಚರವಿಲ್ಲ, ಉಸಿರು ಗೊರಗೊರ ಎನ್ನುತ್ತಿದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಲು ಹೇಳಿದೆ, ಮಾಡಿದಳು. “ಎಲ್ಲಿದ್ದಾರೆ ಅವರು?” ಎಂದಳು. ನಾನು ಹೇಳಿದೆ: “ಹೊರಟಿದ್ದಾರೆ. ಈಗ ಎಲ್ಲಿದ್ದಾರೆ ಅನ್ನೋದು ನನಗೆ ಗೊತ್ತಿಲ್ಲ. ನೀವು ಅಪ್ಪನ ಮುಖ ನೋಡ್ತಾ ಇರಿ, ಮಾತಾಡ್ತಾ ಇರಿ.”

“ಗೊತ್ತಿಲ್ಲ ಅಂದ್ರೇನು? ನಿಮಗೇ ಗೊತ್ತಿಲ್ಲ ಅಂದ್ರೆ?” ಎಂದು ಚೀರಿದಳು. ಫೋನ್ ನೆಲಕ್ಕೆ ಬಿತ್ತು. ಓಡುವ ಹೆಜ್ಜೆ, ಜಾಲರಿಬಾಗಿಲು ಬಡಿದ ಸದ್ದು. ಆಂಬುಲೆನ್ಸ್ ಹುಡುಕಿ ರಸ್ತೆಗೆ ಓಡಿಬಿಟ್ಟಿದ್ದಳು.

ಆ ಮನೆಯೊಳಗೆ ಟೀವಿ ಹವಾಮಾನ ಹೇಳುತ್ತಿತ್ತು. ಅದರ ಕೆಳಗೆ ಆ ಉಸಿರು. ಎರಡು ಉಸಿರಿನ ನಡುವಿನ ಬಿಡುವು ಉದ್ದವಾಗುತ್ತಿತ್ತು. ನಾನು ಹೆಡ್‌ಸೆಟ್ಟನ್ನು ಕಿವಿಗೆ ಒತ್ತಿ ಹಿಡಿದು, ಹೆಸರೂ ತಿಳಿಯದ ಆ ಮುದುಕನಿಗೆ ಹೇಳತೊಡಗಿದೆ. ಹೆದರಬೇಡಿ, ನಾನಿದ್ದೇನೆ, ಇಲ್ಲೇ ನಿಮ್ಮ ಹತ್ತಿರವೇ ಇದ್ದೇನೆ ಎಂದೆ. ಆ ಉಸಿರು ನಿಲ್ಲುವವರೆಗೂ ಅದನ್ನೇ ಹೇಳುತ್ತಿದ್ದೆ.

ನಾನು ನಾಲ್ಕು ಮೈಲಿ ದೂರದಲ್ಲಿದ್ದೆ.