ಅತ್ತೆಯ ಕಾವಿ, ನನ್ನ ಹುಬ್ಬು

ನನ್ನ ಅತ್ತೆಗೆ ನಾನು ಒಂದು ಸುಳ್ಳು ಹೇಳಿದೆ. ಅದೂ ಮೈಸೂರಿನಲ್ಲಿ ಗಟ್ಟಿಮುಟ್ಟಾಗಿದ್ದ ನನ್ನ ಅಪ್ಪನನ್ನು ಅಡ್ಡ ಹಿಡಿದು ಹೇಳಿದೆ. ಅಪ್ಪ ತೀರಿಕೊಂಡ ಮೇಲಾದರೂ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ — ಆ ಸುಳ್ಳು ಅತ್ತೆಯನ್ನು ಒಳಗೊಳಗೇ ತಿನ್ನುತ್ತಿದೆ ಎಂದು ಗೊತ್ತಾದ ಮೇಲೂ.

ನನ್ನ ಹೆಂಡತಿ ಪ್ಲೋಯ್ ಥಾಯ್ಲೆಂಡಿನವಳು, ಅವಳ ತಾಯಿಗೆ ಒಬ್ಬಳೇ ಮಗಳು. ನಾವಿರುವುದು ಅವರದೂ ಅಲ್ಲದ, ನನ್ನದೂ ಅಲ್ಲದ ದೇಶದಲ್ಲಿ. ಬಾಥೆಲ್‌ನ ಮನೆಯಲ್ಲಿ ನಾವು ಮೂವರು. ಅಲ್ಲಿ ಹೊರಗಿನವನು ನಾನೊಬ್ಬನೇ. ಅತ್ತೆಯನ್ನು ನಾನೂ 'ಮ್ಯಾ' ಎಂದೇ ಕರೆಯುತ್ತೇನೆ — ಅವರ ಭಾಷೆಯಲ್ಲಿ ಅಮ್ಮ. ನಾವು ಮಾತಾಡುವುದು ಮುರುಕು ಇಂಗ್ಲಿಷ್, ನಡುನಡುವೆ ನನ್ನ ಇನ್ನೂ ಮುರುಕಾದ ಥಾಯ್. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ನನ್ನ ಕಿವಿಗೆ ಅದು ಹಾಗೆಯೇ ಕೇಳಿದ್ದು.

ನಾನು ಎಂಥವರಿಗೆ ಸುಳ್ಳು ಹೇಳಿದೆ ಎಂದು ನಿಮಗೂ ತಿಳಿಯಲಿ. ನಾನು ಆಫೀಸಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಮ್ಯಾ "ಊಟ ಆಯ್ತಾ?" ಎನ್ನುತ್ತಾರೆ, ಥಾಯ್ ಜನರೂ ನಮ್ಮಂತೆಯೇ, ಯೋಗಕ್ಷೇಮವನ್ನು ಊಟದಿಂದಲೇ ಕೇಳುವವರು. ನಾನು ಮೀನು ಮುಟ್ಟದವನೆಂದು ಪರಂಗಿಕಾಯಿಯ ಕೋಸಂಬರಿ ಕುಟ್ಟುವುದಕ್ಕೆ ನನಗೇ ಬೇರೆ ಕುಟ್ಟಾಣಿ ಇಟ್ಟಿದ್ದಾರೆ. ಮೀನಿನ ಸಾರದ ಬದಲು ಉಪ್ಪು, ಹುಣಸೆ ಹಾಕುತ್ತಾರೆ. ರುಚಿ ನೋಡಿ, ಪಾಪ, ಮುಖ ಕಿವುಚುತ್ತಾರೆ — ಆದರೂ ಮಾಡುತ್ತಾರೆ. ಚಳಿ ಶುರುವಾಯಿತೆಂದರೆ ಅವರ ನಿಂಬೆಗಿಡವನ್ನೂ ನನ್ನ ಕರಿಬೇವನ್ನೂ ಒಳಗೆ ತಂದು ಒಂದೇ ಕಿಟಕಿಗೆ ಇಡುತ್ತಾರೆ. ಹೆಚ್ಚು ಬಿಸಿಲು ಬೀಳುವ ಕಡೆ ಕರಿಬೇವು.

ಅವರು ನನ್ನನ್ನು ಏನಾದರೂ ಕೇಳಿದ್ದು ಒಂದೇ ಸಲ. ಥಾಯ್ ಗಂಡುಮಕ್ಕಳು ಬದುಕಿನಲ್ಲಿ ಒಮ್ಮೆ, ಕೆಲವು ದಿನಗಳ ಮಟ್ಟಿಗಾದರೂ, ಭಿಕ್ಷುವಾಗುವ ಪದ್ಧತಿಯಿದೆ. ಅದರ ಪುಣ್ಯ ತಾಯಿಗೆ. ಸತ್ತ ಮೇಲೆ ತಾಯಿ ಮಗನ ಕಾವಿಯ ಅಂಚು ಹಿಡಿದು ಸ್ವರ್ಗ ಸೇರುತ್ತಾಳೆ ಎನ್ನುತ್ತಾರೆ. ಮ್ಯಾಗೆ ಗಂಡುಮಕ್ಕಳಿಲ್ಲ. ಒಂದು ದಿನ ಅಡುಗೆಮನೆಯಲ್ಲಿ, ನನ್ನ ಮುಖ ನೋಡದೆ ಬೀನ್ಸ್ ಮುರಿಯುತ್ತಾ ಕೇಳಿದರು.

"ಅಳಿಯ ಆದ್ರೂ ಆಗುತ್ತಂತೆ. ಗುರುಗಳನ್ನ ಕೇಳಿದೀನಿ. ಒಂದು ವಾರ ಸಾಕು, ಮಗ."

ಆಗ ಮನೆಯಿಂದ ಅಷ್ಟೇನೂ ದೂರವಲ್ಲದ ಫ್ರೀಮಾಂಟಿನ ಆಫೀಸಿನಲ್ಲಿ ನನ್ನ ಬಡ್ತಿಯ ಮಾತು ನಡೆದಿತ್ತು. ದೊಡ್ಡವರ ಮುಂದೆ ನಿಂತು ಮಾತಾಡಬೇಕಿತ್ತು. ಬೋಳುತಲೆ ಹೋಗಲಿ — ಥಾಯ್ ಭಿಕ್ಷುಗಳು ಹುಬ್ಬನ್ನೂ ಬೋಳಿಸುತ್ತಾರೆ! ಹುಬ್ಬಿಲ್ಲದ ನನ್ನ ಮುಖ ಕನ್ನಡಿಯಲ್ಲಿ ಹೇಗೆ ಕಾಣಬಹುದು ಎಂದು ಯೋಚಿಸಿದೆ, ಅಷ್ಟೇ. ಸಂಕೋಚವಾಗುತ್ತದೆ ಎಂದಿದ್ದರೆ ಮ್ಯಾ ನಕ್ಕುಬಿಡುತ್ತಿದ್ದರು. ನಾನು ಹೇಳಿದ್ದು —

"ನಮ್ಮಲ್ಲಿ ತಂದೆ ಬದುಕಿರೋವಾಗ ಮಗ ತಲೆ ಬೋಳಿಸ್ಕೊಂಡ್ರೆ ತಂದೆಯ ಆಯಸ್ಸಿಗೆ ಕೆಟ್ಟದ್ದು, ಮ್ಯಾ."

ನಮ್ಮ ಹಿರಿಯರು ಹಾಗೆ ಹೇಳುವುದುಂಟು, ನಿಜ. ಆದರೆ ಕೆಲಸ ಸಿಕ್ಕಿದಾಗ ಹರಕೆಯೆಂದು ತಿರುಪತಿಗೆ ಕರೆದೊಯ್ದು ನನ್ನ ಮುಡಿ ಕೊಡಿಸಿದ್ದು ನನ್ನ ಅಪ್ಪನೇ. ಪಕ್ಕದಲ್ಲಿ ಕೂತು ತಾವೂ ಬೋಳಿಸಿಕೊಂಡು, ನನ್ನ ತಲೆ ನೋಡಿ ನಕ್ಕಿದ್ದರು. ನಾನು ಅದನ್ನು ಮರೆತಿರಲಿಲ್ಲ. ಮರೆತಿದ್ದರೆ ಇದನ್ನು ಬರೆಯಬೇಕಾಗಿರಲಿಲ್ಲ.

ಮ್ಯಾ ಕೈಯಲ್ಲಿದ್ದ ಬೀನ್ಸ್ ಹಾಗೇ ಬಿಟ್ಟು ಕೈ ಮುಗಿದರು. ನನಗಲ್ಲ — ಮೈಸೂರಿನಲ್ಲಿದ್ದ ಅಪ್ಪನಿಗೆ. ಕೇಳಬಾರದ್ದನ್ನು ಕೇಳಿಬಿಟ್ಟೆ ಎಂದು ಅವರ ಮುಖ ಹೇಳುತ್ತಿತ್ತು. ಮುಂದಿನ ಭಾನುವಾರದಿಂದ ಥಾಯ್ ದೇವಸ್ಥಾನಕ್ಕೆ ಹೋದಾಗಲೆಲ್ಲ ಭಿಕ್ಷಾಪಾತ್ರೆಗೆ ಇನ್ನೊಂದು ಸೌಟು ಅನ್ನ ಹೆಚ್ಚಾಗಿ ಹಾಕತೊಡಗಿದರು, ಅಪ್ಪನ ಆಯಸ್ಸಿಗೆ. ವಿಡಿಯೋ ಕಾಲ್‌ನಲ್ಲಿ ಅಪ್ಪ "ಏನ್ ಬೀಗಿತ್ತಿಯವ್ರೇ, ಚೆನ್ನಾಗಿದೀರಾ?" ಎಂದರೆ, ಇವರು ಕಲಿತಿದ್ದ ಒಂದೇ ಕನ್ನಡ — "ಊಟ ಆಯ್ತಾ?" ಇಬ್ಬರೂ ಅಷ್ಟಕ್ಕೇ ಹೊಟ್ಟೆ ತುಂಬಾ ನಗುತ್ತಿದ್ದರು. ನಾನು ಫೋನ್ ಹಿಡಿದು ನಿಂತಿರುತ್ತಿದ್ದೆ.

ಎರಡು ವರ್ಷದ ಮೇಲೆ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಊರಿಗೆ ಹೋಗಿ, ಕರ್ಮಾಂತರ ಮುಗಿಸಿ, ಬೋಳುತಲೆಯಲ್ಲಿ ವಾಪಸ್ ಬಂದೆ. ಥಾಯ್ ಜನ ಇನ್ನೊಬ್ಬರ ತಲೆ ಮುಟ್ಟುವವರಲ್ಲ, ತಲೆಯೆಂದರೆ ಅವರಿಗೆ ಪವಿತ್ರ. ಆ ದಿನ ಮ್ಯಾ ನನ್ನ ತಲೆಯ ಮೇಲೆ ಕೈಯಿಟ್ಟು ಅತ್ತರು.

"ನಾನು ಅವತ್ತು ಬಾಯಿ ತೆಗೀಬಾರ್ದಿತ್ತು, ಮಗ. ಎಷ್ಟು ಅನ್ನ ಹಾಕಿದ್ರೂ ಸಾಲ್ಲಿಲ್ಲ ನೋಡು."

ಅರ್ಥವಾಯಿತು. ಚೆನ್ನಾಗಿಯೇ ಅರ್ಥವಾಯಿತು. ಆದರೂ — ದಣಿದಿದ್ದೆ, ದುಃಖದಲ್ಲಿದ್ದೆ, ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎಂಬುದು ವರ್ಷಗಳಾಯಿತು. ತಲೆ ತುಂಬಾ ಕೂದಲು ಬಂತು. ನೆಪ ಅಪ್ಪನೊಂದಿಗೇ ಹೋಗಿತ್ತು. ಈಗಲಾದರೂ ಭಿಕ್ಷುವಾಗು ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ನಾನೂ ಆ ಮಾತು ಎತ್ತಲಿಲ್ಲ.

ಹೋದ ತಿಂಗಳು ದೇವಸ್ಥಾನದಲ್ಲಿ ಅವರ ಪಕ್ಕ ಕೂತಿದ್ದೆ. ಭಿಕ್ಷುಗಳು ಮಂತ್ರ ಹೇಳುವಾಗ ಭಕ್ತರು ಸತ್ತವರಿಗೆ ಪುಣ್ಯ ಮುಟ್ಟಲೆಂದು ಪುಟ್ಟ ಹೂಜಿಯಿಂದ ಬಟ್ಟಲಿಗೆ ನೀರು ಬಿಡುತ್ತಾರೆ, ನಾವು ತರ್ಪಣ ಬಿಟ್ಟ ಹಾಗೆ. ಆ ನೀರನ್ನು ಮರದ ಬುಡಕ್ಕೆ ಹಾಕುತ್ತಾರೆ. ನಾನು ಅಪ್ಪನಿಗೆ ವರ್ಷಕ್ಕೊಮ್ಮೆ ಮಾಡುವುದನ್ನು ಮ್ಯಾ ಪ್ರತಿ ಭಾನುವಾರ ಮಾಡುತ್ತಿದ್ದರು. ನೀರು ಬಿಡುತ್ತಾ ಅವರ ತುಟಿ ಅಲ್ಲಾಡುತ್ತಿತ್ತು. ಹೊರಗೆ ಬಂದ ಮೇಲೆ, ಸುಮ್ಮನೆ ಮಾತಿಗೆಂದು, ಏನು ಹೇಳಿಕೊಳ್ಳುತ್ತೀರಿ ಎಂದು ಕೇಳಿದೆ.

"ನಿಮ್ಮಪ್ಪನ ಹತ್ರ ಕ್ಷಮೆ ಕೇಳ್ತೀನಿ," ಎಂದರು. "ಪ್ರತಿ ಸಲ."

ಕಾರಿನಲ್ಲಿ ಕೂತ ಮೇಲೆ ಹೇಳಿಬಿಟ್ಟೆ. ತಿರುಪತಿಯ ವಿಷಯ ಹೇಳಿದೆ, ಬಡ್ತಿಯ ವಿಷಯ ಹೇಳಿದೆ, ಹುಬ್ಬಿನ ವಿಷಯವನ್ನೂ ಹೇಳಿದೆ — ಇಂಗ್ಲಿಷ್ ಸಾಲದ ಕಡೆ ಬೆರಳಿನಿಂದ ಹುಬ್ಬು ತೋರಿಸಿದೆ. ಈಗಲಾದರೂ ಕಾವಿ ಉಡುತ್ತೇನೆ ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ಲಂಚ ಕೊಟ್ಟ ಹಾಗಾಗುತ್ತಿತ್ತು. ಭಿಕ್ಷುವಾಗಲೇ ಎಂದು ಇನ್ನೊಂದು ದಿನ ನಾನೇ ಹೋಗಿ ಅವರನ್ನು ಕೇಳಬೇಕು.

ಮ್ಯಾ ಬಯ್ಯಲಿಲ್ಲ. ಖಾಲಿ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಮುಂದೆ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು, "ಹಾಗಾದ್ರೆ ಅವ್ರು ಹೋಗಿದ್ದು ನನ್ನಿಂದ ಅಲ್ವಾ?"

"ಅಲ್ಲ, ಮ್ಯಾ."

ಗಾಡಿ ಹೆದ್ದಾರಿಗೆ ಬಂತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ — "ನನ್ನಿಂದ ಅಲ್ವಾ?"

ಅಲ್ಲ ಎಂದೆ. ಮನೆ ಬರುವವರೆಗೂ ಅವರು ಕೇಳುತ್ತಲೇ ಇದ್ದರು, ನಾನು ಹೇಳುತ್ತಲೇ ಇದ್ದೆ.